ಸಂಗಾತಿ ಪ್ರಾಣಿಯ ಕೊರತೆ ಬಲದ್ದಲ್ಲ

ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯದ ಆಟಗಳಲ್ಲಿ ಒಬ್ಬ ನಿರ್ವಾಹಕ ಕಲ್ಪಿತ ಲೋಕವೊಂದನ್ನು ಬಣ್ಣಿಸುತ್ತ ಹೋಗುತ್ತಾನೆ. ಉಳಿದವರು ಆ ಲೋಕದೊಳಗಿನ ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ನಿರ್ಧಾರ ಕೈಗೊಳ್ಳುತ್ತಾರೆ, ಫಲವೇನೆಂದು ಖಚಿತವಿಲ್ಲದ ಕಡೆಯಲ್ಲಿ ದಾಳ ಉರುಳಿಸುತ್ತಾರೆ. ಇಂಥ ಆಟಗಳಲ್ಲಿ ಬೇಟೆಗಾರನ ತೋಳ, ಕಾಡಿನ ಸಾಧಕನ ಕರಡಿ, ಸವಾರನ ಕುದುರೆ ಮೊದಲಾದ ಸಂಗಾತಿ ಪ್ರಾಣಿಗಳ ಬಗ್ಗೆ ಒಂದು ನಂಬಿಕೆ ಹೆಚ್ಚಿನ ಪರಿಶೀಲನೆಯಿಲ್ಲದೆ ಕೈಯಿಂದ ಕೈಗೆ ಸಾಗಿಬಂದಿದೆ. ಅಚ್ಚಾದ ನಿಯಮಪುಸ್ತಕಗಳು ಪ್ರಾಣಿಯನ್ನು ದುರ್ಬಲವಾಗಿ ಇಟ್ಟಿವೆ, ಆದ್ದರಿಂದ ಆಡುವವರು ತಮ್ಮದೇ ಮನೆನಿಯಮ ಮಾಡಿಕೊಂಡು ಅದಕ್ಕೆ ಬಲ ತುಂಬಬೇಕು ಎಂಬುದು ಆ ನಂಬಿಕೆ. ಆಟಗಾರರ ಬಾಯಲ್ಲಿ ಹೋಮ್‌ಬ್ರೂ ಎನ್ನಿಸಿಕೊಳ್ಳುವ ಈ ಮನೆನಿಯಮ ಪುಸ್ತಕದ್ದಲ್ಲದ, ಒಂದು ಗುಂಪು ತನ್ನ ಮಟ್ಟಿಗೆ ಒಪ್ಪಿಕೊಂಡ ಕಟ್ಟಳೆ. ಅದನ್ನು ಮಾಡಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಥಾಣೆಯಿಂದ ಡೊಂಬಿವಲಿ, ಕಲ್ಯಾಣದವರೆಗೆ, ಖಾಡಿಯಾಚೆ ನವಿಮುಂಬಯಿಯವರೆಗೆ ಹಬ್ಬಿದ ಉಪನಗರಗಳಲ್ಲಿ ವಾರದ ದಿನಗಳು ಲೋಕಲ್ ರೈಲು ಮತ್ತು ಕಚೇರಿಗಳ ನಡುವೆ ಕಳೆದುಹೋಗುತ್ತವೆ. ಐದಾರು ಮಂದಿ ಒಂದೆಡೆ ಕೂಡಲು ರವಿವಾರದ ಕೆಲವೇ ಗಂಟೆಗಳು ಸಿಗುವಾಗ ನಿಯಮವನ್ನು ತಮ್ಮ ಅನುಕೂಲಕ್ಕೆ ತಿದ್ದಿಕೊಳ್ಳುವುದು ಅನಿವಾರ್ಯವೂ ಹೌದು. ಆದರೆ ತಪ್ಪು ರೋಗನಿದಾನದ ಮೇಲೆ ಕಟ್ಟಿದ ಮನೆನಿಯಮ ಆ ಕೆಲವೇ ಗಂಟೆಗಳನ್ನೂ ತಿಂದುಹಾಕುತ್ತದೆ. ಬಲದ ಕೊರತೆಯೇ ಸಂಗಾತಿ ಪ್ರಾಣಿಯ ಮೂಲ ತೊಂದರೆ ಎಂಬ ನಿದಾನ ಅಂಥದ್ದು.

ಈ ನಂಬಿಕೆಯನ್ನು ಅದರ ಅತ್ಯುತ್ತಮ ರೂಪದಲ್ಲಿ ಮೊದಲು ಮುಂದಿಡುವುದು ನ್ಯಾಯ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ 1974ರಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಈ ಪ್ರಕಾರದ ಮೂಲ ಆಟ. ಅದರ ಐದನೆಯ ಆವೃತ್ತಿ 2014ರಲ್ಲಿ ಬಂದಾಗ ರೇಂಜರ್ ಎಂಬ ಬೇಟೆಗಾರ ಪಾತ್ರಕ್ಕೆ ಬೀಸ್ಟ್ ಮಾಸ್ಟರ್ ಎಂಬ ಒಂದು ಕವಲನ್ನು ಕೊಟ್ಟಿತು. ಆ ಕವಲನ್ನು ಆಯ್ದವನು ಮೂರನೆಯ ಮಟ್ಟದಲ್ಲಿ ಒಂದು ಪ್ರಾಣಿಯನ್ನು ಜೊತೆಗೆ ಪಡೆಯುತ್ತಾನೆ. ಪ್ರಾಣಿ ಮಧ್ಯಮ ಗಾತ್ರವನ್ನು ಮೀರಬಾರದು. ಅದರ ಕಾದಾಟದ ಕಾಠಿಣ್ಯವನ್ನು ಸೂಚಿಸುವ ಅಂಕಿ, ಅಂದರೆ ಚಾಲೆಂಜ್ ರೇಟಿಂಗ್, ಕಾಲು ಭಾಗವನ್ನು ದಾಟಬಾರದು. ಪ್ರಾಣಿ ತಾಳಿಕೊಳ್ಳಬಲ್ಲ ಪೆಟ್ಟಿನ ಪ್ರಮಾಣವಾದ ಹಿಟ್ ಪಾಯಿಂಟ್ ಅದರ ಸಹಜ ಅಂಕಿ ಅಥವಾ ಬೇಟೆಗಾರನ ಮಟ್ಟದ ನಾಲ್ಕು ಪಟ್ಟು, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಕಾದಾಟದಲ್ಲಿ ಪ್ರತಿಯೊಬ್ಬರಿಗೂ ಸರದಿಯ ಮೇಲೆ ಒಂದು ಆ್ಯಕ್ಷನ್, ಎಂದರೆ ಒಂದು ಮುಖ್ಯ ಕೆಲಸ ಮಾಡುವ ಅವಕಾಶ ಬರುತ್ತದೆ; ಬೇಟೆಗಾರ ತನ್ನ ಆ್ಯಕ್ಷನ್ ಖರ್ಚುಮಾಡಿ ಆಜ್ಞೆ ಕೊಟ್ಟರಷ್ಟೇ ಪ್ರಾಣಿ ಎರಗುತ್ತದೆ, ಇಲ್ಲವಾದರೆ ಓಡಾಡಬಹುದೇ ಹೊರತು ಬೇರೇನೂ ಮಾಡದು. ಐದನೆಯ ಮಟ್ಟದ ತೋಳಕ್ಕೆ ಈ ಲೆಕ್ಕದಲ್ಲಿ 20 ಹಿಟ್ ಪಾಯಿಂಟ್ ಸಿಗುತ್ತದೆ. ಎದುರಾಳಿ ಮಾಂತ್ರಿಕನೊಬ್ಬ ಎಸೆಯುವ ಬೆಂಕಿಯುಂಡೆಯ ಸರಾಸರಿ ಪೆಟ್ಟು 28. ತಪ್ಪಿಸಿಕೊಳ್ಳುವ ದಾಳ ಕೈಕೊಟ್ಟರೆ ತೋಳ ಒಂದೇ ಏಟಿಗೆ ಸಾಯುತ್ತದೆ. ತನ್ನ ಪಾತ್ರದ ಅರ್ಧ ವ್ಯಕ್ತಿತ್ವವನ್ನೇ ಆ ತೋಳದಲ್ಲಿ ಇಟ್ಟಿದ್ದ ಆಟಗಾರನಿಗೆ ಇದು ಅನ್ಯಾಯವೆನ್ನಿಸಿದರೆ ಆಶ್ಚರ್ಯವಿಲ್ಲ. ಹೀಗಾಗಿ ಮನೆನಿಯಮ ಮಾಡುವವರು ಸಾಮಾನ್ಯವಾಗಿ ಎರಡು ತಿದ್ದುಪಡಿ ತರುತ್ತಾರೆ: ಹಿಟ್ ಪಾಯಿಂಟ್ ಏರಿಸುತ್ತಾರೆ, ಪ್ರಾಣಿಗೆ ಯಾರ ಆಜ್ಞೆಯೂ ಬೇಡದ ಪ್ರತ್ಯೇಕ ಸರದಿ ಕೊಡುತ್ತಾರೆ.

ಮೊದಲನೆಯ ತಿದ್ದುಪಡಿಗೆ ಆಧಾರವಿದೆ, ಅದನ್ನು ಒಪ್ಪಿಕೊಳ್ಳಬೇಕು. ಆಟದ ಪ್ರಕಾಶಕರೇ 2020ರಲ್ಲಿ ಹೊರತಂದ ಟಾಷಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್ ಎಂಬ ಪೂರಕ ಪುಸ್ತಕದಲ್ಲಿ ನೆಲದ ಪ್ರಾಣಿಯ ಹಿಟ್ ಪಾಯಿಂಟನ್ನು ಮಟ್ಟದ ಐದು ಪಟ್ಟಿಗೆ ಐದು ಕೂಡಿಸಿ ನಿಗದಿಮಾಡಿದರು. ಐದನೆಯ ಮಟ್ಟದಲ್ಲಿ ಅದು 30 ಆಗುತ್ತದೆ, ಸರಾಸರಿ ಬೆಂಕಿಯುಂಡೆಯನ್ನು ಕೂದಲೆಳೆಯಲ್ಲಿ ತಾಳಿಕೊಳ್ಳುವಷ್ಟು. ಬಾಳಿಕೆಯ ಪ್ರಶ್ನೆ ಇಷ್ಟಕ್ಕೆ ಬಹುಮಟ್ಟಿಗೆ ಮುಗಿಯಿತು.

ಎರಡನೆಯ ತಿದ್ದುಪಡಿ ಮಾತ್ರ ಲೆಕ್ಕದ ಎದುರು ನಿಲ್ಲುವುದಿಲ್ಲ. ಪ್ರಾಣಿಯ ಏಟು ದುರ್ಬಲ ಎಂಬ ಅದರ ತಳಹದಿಯೇ ಸರಿಯಲ್ಲ. 2014ರ ಪುಸ್ತಕದ ತೋಳವನ್ನೇ ತೆಗೆದುಕೊಳ್ಳೋಣ. ಅದರ ಕಚ್ಚುವಿಕೆ ನಾಲ್ಕು ಮುಖದ ಎರಡು ದಾಳ ಮತ್ತು ಎರಡು, ಎಂದರೆ ಸರಾಸರಿ 7. ಅದಕ್ಕೆ ಬೇಟೆಗಾರನ ನೈಪುಣ್ಯದ ಅಂಕಿ ಸೇರುತ್ತದೆ. ಮೂರನೆಯ ಮಟ್ಟದಲ್ಲಿ ಆ ಅಂಕಿ 2, ಆದ್ದರಿಂದ ತೋಳದ ಏಟು 9. ಅದೇ ಮಟ್ಟದಲ್ಲಿ ಚುರುಕುತನದ ಅಂಕಿ 3 ಇರುವ ಬಿಲ್ಲುಗಾರನ ಬಾಣ ಎಂಟು ಮುಖದ ಒಂದು ದಾಳ ಮತ್ತು ಮೂರು, ಸರಾಸರಿ 7.5. ಎಂದರೆ ತನ್ನ ಬಾಣ ಬಿಟ್ಟುಕೊಟ್ಟು ತೋಳವನ್ನು ಛೂ ಬಿಟ್ಟವನಿಗೆ ನಷ್ಟವಿಲ್ಲ, ಒಂದೂವರೆ ಅಂಕಿಯ ಲಾಭವಿದೆ. ಐದನೆಯ ಮಟ್ಟದಲ್ಲಿ ಬಿಲ್ಲುಗಾರ ಒಂದೇ ಆ್ಯಕ್ಷನ್‌ನಲ್ಲಿ ಎರಡು ಬಾಣ ಬಿಡುತ್ತಾನೆ. ಚುರುಕುತನ 4ಕ್ಕೆ ಏರಿದ್ದರೆ ಒಂದೊಂದಕ್ಕೂ 8.5ರಂತೆ ಒಟ್ಟು 17. ತೋಳಕ್ಕೆ ಆಜ್ಞೆ ಕೊಟ್ಟರೂ ಅವನಿಗೆ ಒಂದು ಬಾಣ ಬಿಡುವ ಅವಕಾಶ ಉಳಿಯುತ್ತದೆ; ಆ ಬಾಣದ 8.5 ಮತ್ತು ತೋಳದ 10 ಸೇರಿ 18.5. ಮಂತ್ರಗಳ ನೆರವನ್ನು ಬದಿಗಿಟ್ಟು, ಏಟುಗಳೆಲ್ಲ ತಗುಲಿದವೆಂದು ಹಿಡಿದು ಮಾಡಿದ ಲೆಕ್ಕವಿದು. ಜೊತೆಗಾರ ಯಾರಾದರೂ ಶತ್ರುವಿನ ಮಗ್ಗುಲಲ್ಲಿದ್ದರೆ ತೋಳ ಎರಡು ದಾಳ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳುವ ಹಕ್ಕು ಪಡೆಯುವುದರಿಂದ ವಾಸ್ತವದಲ್ಲಿ ತಕ್ಕಡಿ ಇನ್ನಷ್ಟು ಅದರ ಕಡೆಗೇ ವಾಲುತ್ತದೆ. ಈಗ ಮನೆನಿಯಮ ತೋಳಕ್ಕೆ ಬಿಟ್ಟಿಯಾಗಿ ಒಂದು ಪೂರ್ಣ ಸರದಿ ಕೊಟ್ಟಿತೆನ್ನಿ. ಎರಡು ಬಾಣಗಳ 17, ತೋಳದ 10, ಒಟ್ಟು 27. ಒಬ್ಬ ಆಟಗಾರನ ಹೊಡೆತ ಒಂದೇ ಏಟಿಗೆ ಶೇಕಡಾ 59ರಷ್ಟು ಏರಿತು. ಮೇಜಿನ ಉಳಿದ ನಾಲ್ವರಿಗೆ ಇಂಥ ಕೊಡುಗೆಯೇನೂ ಸಿಕ್ಕಿಲ್ಲ. ಅದರ ಮೇಲೆ ಆ ಒಬ್ಬನ ಸರದಿ ಎರಡು ಸರದಿಯಷ್ಟು ಹೊತ್ತು ಹಿಡಿಯುತ್ತದೆ. ಕಲ್ಯಾಣದ ಕಡೆಯ ಲೋಕಲ್ ಹಿಡಿಯಬೇಕಾದವನು ಗಡಿಯಾರ ನೋಡುತ್ತ ಕಾಯುವ ಹೊತ್ತು ಅದು.

ಲೆಕ್ಕ ಹೀಗಿರುವಾಗ ಆಟಗಾರರ ಅಸಮಾಧಾನ ಎಲ್ಲಿಂದ ಹುಟ್ಟಿತು? ಅದನ್ನು ಭ್ರಮೆಯೆಂದು ತಳ್ಳಿಹಾಕುವುದು ಸುಲಭ, ಆದರೆ ತಪ್ಪು. ಅಷ್ಟೊಂದು ಮಂದಿ ಒಂದೇ ಬಗೆಯ ನಿರಾಸೆಯನ್ನು ಅನುಭವಿಸಿದರೆ ಅದಕ್ಕೊಂದು ಕಾರಣವಿರಲೇಬೇಕು. 2014ರ ನಿಯಮದಲ್ಲಿ ಮನುಷ್ಯ ಮತ್ತು ಪ್ರಾಣಿ ಎರಡು ಜೀವಗಳಾಗಿ ವರ್ತಿಸುವುದಿಲ್ಲ, ಎರಡು ಕಡೆ ನಿಂತ ಒಂದೇ ಜೀವವಾಗಿ ವರ್ತಿಸುತ್ತವೆ. ಐದನೆಯ ಮಟ್ಟ ತಲುಪುವವರೆಗೆ ತೋಳ ಎರಗಿದಾಗ ಬೇಟೆಗಾರ ಕೈಕಟ್ಟಿ ನಿಲ್ಲುತ್ತಾನೆ, ಬೇಟೆಗಾರ ಬಾಣ ಬಿಟ್ಟಾಗ ತೋಳ ಬೊಂಬೆಯಂತೆ ನಿಲ್ಲುತ್ತದೆ. ಒಡೆಯನ ಕೊರಳಿಗೆ ಶತ್ರು ಕತ್ತಿ ಹಿಡಿದಿದ್ದರೂ ಆಜ್ಞೆ ಬರಲಿಲ್ಲವೆಂಬ ಒಂದೇ ಕಾರಣಕ್ಕೆ ನೋಡುತ್ತ ನಿಲ್ಲುವ ತೋಳವನ್ನು ಯಾರೂ ಸಂಗಾತಿಯೆಂದು ಭಾವಿಸಲಾರರು. ಆಟಗಾರ ಕಂಡ ಕೊರತೆ ನಿಜ. ಅದನ್ನು ಅವನು ಹೆಸರಿಸಿದ ಬಗೆ ತಪ್ಪು. ಅವನಿಗೆ ಬೇಕಾಗಿದ್ದುದು ಹೆಚ್ಚು ಹೊಡೆಯುವ ತೋಳವಲ್ಲ, ತನ್ನದೇ ಆದ ಮನಸ್ಸುಳ್ಳ ತೋಳ. ಸಂಗಾತಿ ಪ್ರಾಣಿಯ ವಿಷಯದಲ್ಲಿ ನಿಯಮವೊಂದು ಉತ್ತರಿಸಬೇಕಾದ ಪ್ರಶ್ನೆಗಳು ಮೂರು: ಅದು ಎಷ್ಟು ಬಲಶಾಲಿ, ಅದರ ನಿರ್ಧಾರ ಯಾರ ಕೈಯಲ್ಲಿದೆ, ಅದು ಸತ್ತರೆ ಯಾರಿಗೆ ಏನು ನಷ್ಟ. ಪ್ರಚಲಿತ ನಂಬಿಕೆ ಈ ಮೂರನ್ನೂ ಮೊದಲನೆಯದರೊಳಗೆ ತುರುಕಿ, ಎರಡನೆಯದರ ಕಾಯಿಲೆಗೆ ಮೊದಲನೆಯದರ ಔಷಧ ಕುಡಿಸುತ್ತದೆ.

ನಿರ್ಧಾರದ ಪ್ರಶ್ನೆಯನ್ನು ನಿಯಮಪುಸ್ತಕಗಳು ಬೇರೆಬೇರೆ ಕಾಲದಲ್ಲಿ ಬೇರೆಬೇರೆ ರೀತಿಯಲ್ಲಿ ಎದುರಿಸಿವೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2003ರ ಪರಿಷ್ಕೃತ ಮೂರನೆಯ ಆವೃತ್ತಿಯಲ್ಲಿ, ಸಾಮಾನ್ಯವಾಗಿ ಮೂರೂವರೆ ಎಂದು ಕರೆಯುವ ಆವೃತ್ತಿಯಲ್ಲಿ, ಪ್ರಾಣಿ ಏನು ಮಾಡಬಲ್ಲದು ಎಂಬುದು ಅದಕ್ಕೆ ಕಲಿಸಿದ ಪಾಠಗಳ ಮೇಲೆ ನಿಂತಿತ್ತು. ಬಾ, ಅಲ್ಲೇ ಇರು, ಕಾವಲಿರು, ಜಾಡು ಹಿಡಿ, ಎರಗು ಎಂಬಂಥ ಒಂದೊಂದು ಪಾಠವನ್ನೂ ಕಲಿಸಲು ಒಂದು ವಾರದ ಶ್ರಮ ಬೇಕು. ಬುದ್ಧಿಯ ಅಂಕಿ 1 ಇರುವ ಪ್ರಾಣಿ ಮೂರು ಪಾಠ ಕಲಿಯುತ್ತದೆ, 2 ಇರುವುದು ಆರು. ಎರಗಲು ಕಲಿತ ಪ್ರಾಣಿಯೂ ಮನುಷ್ಯರು, ಮನುಷ್ಯರಂಥವರು, ಇತರ ಪ್ರಾಣಿಗಳ ಮೇಲೆ ಎರಗುತ್ತದೆಯೇ ಹೊರತು ಬೇತಾಳದಂಥ ಅಸಹಜ ಜೀವಿಯ ಮೇಲೆ ಎರಗುವುದಿಲ್ಲ. ಅದಕ್ಕಾಗಿ ಅದೇ ಪಾಠವನ್ನು ಎರಡನೆಯ ಸಲ ಕಲಿಸಬೇಕು. ಕಲಿತ ಪಾಠವನ್ನು ಮಾಡಿಸಲು ದಾಳದ ಗುರಿ 10, ಕಲಿಯದ್ದನ್ನು ಮಾಡಿಸಲು 25. ಆ ಆವೃತ್ತಿಯ ನಿಯಮಗಳು ಭಾರವಾಗಿದ್ದವೆಂಬ ದೂರಿನಲ್ಲಿ ಹುರುಳಿದ್ದರೂ ಈ ಒಂದು ಭಾಗದಲ್ಲಿ ಅಲ್ಲಿದ್ದ ವಿವೇಕ ಮುಂದೆ ಕಳೆದುಹೋಯಿತೆಂದೇ ಹೇಳಬೇಕು. ಪಾಥ್‌ಫೈಂಡರ್ ಎಂಬ ಸೋದರ ಆಟದ 2019ರ ಎರಡನೆಯ ಆವೃತ್ತಿ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಪ್ರತಿಯೊಬ್ಬರಿಗೂ ಸರದಿಗೆ ಮೂರು ಕೆಲಸ. ಅವುಗಳಲ್ಲಿ ಒಂದನ್ನು ಆಜ್ಞೆಗೆ ವ್ಯಯಿಸಿದರೆ ಪ್ರಾಣಿ ಎರಡು ಕೆಲಸ ಮಾಡುತ್ತದೆ. ಪ್ರಾಣಿ ಪಳಗಿ ಪ್ರೌಢವಾದ ಮೇಲೆ ಆಜ್ಞೆಯಿಲ್ಲದಿದ್ದರೂ ಒಂದು ಹೆಜ್ಜೆ ಹಾಕುವ ಅಥವಾ ಒಂದು ಏಟು ಹಾಕುವ ಸ್ವಾತಂತ್ರ್ಯ ಅದಕ್ಕೆ ದಕ್ಕುತ್ತದೆ. ಮನುಷ್ಯನ ಗಮನಕ್ಕೆ ಬೆಲೆಯಿದೆ, ಪ್ರಾಣಿಗೆ ತನ್ನದೆಂಬ ತುಸು ಇಚ್ಛೆಯಿದೆ ಎಂಬ ಎರಡು ಸಂಗತಿಗಳನ್ನು ಒಟ್ಟಿಗೆ ಹಿಡಿದ ಕ್ರಮವಿದು. 2020ರ ಟಾಷಾ ಪುಸ್ತಕದ ತಿದ್ದುಪಡಿಯಲ್ಲಿ ಆಜ್ಞೆ ಅಗ್ಗವಾಯಿತು. ಮುಖ್ಯ ಕೆಲಸದ ಬದಲು ಬೋನಸ್ ಆ್ಯಕ್ಷನ್ ಎಂಬ ಚಿಕ್ಕ ಅವಕಾಶವೊಂದನ್ನು ಕೊಟ್ಟರೆ ಸಾಕಾಯಿತು. ಆಜ್ಞೆಯಿಲ್ಲದಾಗ ಪ್ರಾಣಿ ಏಟು ತಪ್ಪಿಸಿಕೊಳ್ಳುತ್ತ ನಿಲ್ಲುತ್ತದೆ. ಅದಕ್ಕೆ ಇಷ್ಟಬಂದದ್ದನ್ನು ಮಾಡುವ ಅನುಮತಿ ಸಿಗುವುದು ಬೇಟೆಗಾರ ಪ್ರಜ್ಞೆ ತಪ್ಪಿ ಅಸಹಾಯಕನಾದಾಗ ಮಾತ್ರ. ಒಡೆಯ ಬಿದ್ದ ಮೇಲಷ್ಟೇ ಎಚ್ಚರಗೊಳ್ಳುವ ಮನಸ್ಸನ್ನು ಮನಸ್ಸೆಂದು ಕರೆಯುವುದು ಕಷ್ಟ.

ಪ್ರಾಣಿಯೊಡನೆ ದುಡಿಯುವವರ ಬದುಕನ್ನು ಬಲ್ಲ ಕನ್ನಡ ಓದುಗರಿಗೆ ಆಜ್ಞೆಯ ಬೆಲೆಯನ್ನು ಬೇರೆಯಾಗಿ ವಿವರಿಸಬೇಕಿಲ್ಲ. ದುಬಾರೆ, ಸಕ್ರೆಬೈಲುಗಳ ಶಿಬಿರಗಳಲ್ಲಿ ಆನೆಯೊಂದಕ್ಕೆ ಮಾವುತನ ಜೊತೆ ಕಾವಾಡಿಯೂ ಇರುತ್ತಾನೆ. ಇಬ್ಬರ ದಿನಚರಿಯೂ ಆ ಒಂದು ಪ್ರಾಣಿಯ ಸುತ್ತ ಸುತ್ತುತ್ತದೆ. ಮೈಸೂರು ದಸರೆಯಲ್ಲಿ ಎಂಟು ಬಾರಿ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರು ವಲಯದಲ್ಲಿ ಕಾಡಾನೆ ಸೆರೆಹಿಡಿಯುವ ಕಾರ್ಯಾಚರಣೆಯ ನಡುವೆ ಕಾಡಾನೆಯೊಂದರೊಡನೆ ಕಾದಾಡಿ ಸತ್ತಿತು. ಜೊತೆಯಲ್ಲಿದ್ದ ಉಳಿದ ಸಾಕಾನೆಗಳು ಹಿಂದೆ ಸರಿದವೆಂದೂ ಅರ್ಜುನ ಮಾತ್ರ ಎದುರು ನಿಂತಿತೆಂದೂ ಅಂದಿನ ವರದಿಗಳು ಹೇಳಿದವು. ತರಬೇತಿ ಒಂದೇ ಬಗೆಯದು, ಆಜ್ಞೆ ಒಂದೇ ಬಗೆಯದು. ಆದರೂ ಒಂದು ನಿಂತಿತು, ಉಳಿದವು ಸರಿದವು. ಈ ವ್ಯತ್ಯಾಸ ಹಿಟ್ ಪಾಯಿಂಟಿನ ಪಟ್ಟಿಯಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಆ ಸಾವಿನ ಬಳಿಕ ನಾಡಿನಾದ್ಯಂತ ಎದ್ದ ನೋವಿನ ಪ್ರಶ್ನೆಯೂ ಅರ್ಜುನನ ಬಲ ಎಷ್ಟಿತ್ತೆಂಬುದಾಗಿರಲಿಲ್ಲ. ಆ ವಯಸ್ಸಿನ ಆನೆಯನ್ನು ಅಲ್ಲಿಗೆ ಕರೆದೊಯ್ಯುವ ನಿರ್ಧಾರ ಯಾರದ್ದು ಎಂಬುದಾಗಿತ್ತು.

ಚಾಲೆಂಜ್ ರೇಟಿಂಗಿನಿಂದ ಪ್ರಾಣಿಯನ್ನು ಆರಿಸುವ ಕ್ರಮ ಮತ್ತೊಂದು ಗೊಂದಲವನ್ನು ಹೊತ್ತು ತರುತ್ತದೆ, ಅದು ಈ ಉಪನಗರಗಳ ಮೇಜುಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ತಮ್ಮ ಪರಿಸರದ ಪ್ರಾಣಿಗಳನ್ನು ಆಟಕ್ಕೆ ತರಬೇಕೆಂದು ಬಯಸುವ ಥಾಣೆಯ ಆಟಗಾರನಿಗೆ ಮೊದಲು ಹೊಳೆಯುವುದು ಯೆವೂರಿನ ಗುಡ್ಡಗಳ ಚಿರತೆ. 104 ಚದರ ಕಿಲೋಮೀಟರಿನಷ್ಟು ಹರಡಿದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚು ಥಾಣೆಯ ಮನೆಗಳಿಗೆ ತಾಗಿಕೊಂಡಿದೆ, ಅಲ್ಲಿನ ಚಿರತೆಗಳ ಆಹಾರದಲ್ಲಿ ಬೀದಿನಾಯಿಗಳ ಪಾಲು ಗಣನೀಯ. ಆಟದ ಪುಸ್ತಕದಲ್ಲಿ ಚಿರತೆಗೆ ಸಮನಾದ ಪ್ಯಾಂಥರ್‌ಗೆ ಮಧ್ಯಮ ಗಾತ್ರ, 13 ಹಿಟ್ ಪಾಯಿಂಟ್, ಚಾಲೆಂಜ್ ರೇಟಿಂಗ್ ಕಾಲು. ತೋಳದ್ದೂ ಅದೇ ಗಾತ್ರ, ಅದೇ ರೇಟಿಂಗ್. ಆದ್ದರಿಂದ ಎರಡೂ ಸಮಾನ ವಿಧೇಯತೆಯ ಸಂಗಾತಿಗಳಾಗುತ್ತವೆ. ಕಾದಾಟದ ಅಳತೆಗೋಲಿನಿಂದ ಒಡನಾಟವನ್ನು ಅಳೆದ ಫಲವಿದು. ತೋಳ ಗುಂಪಿನ ಪ್ರಾಣಿ. ನಾಯಿ, ಕುದುರೆ, ಆನೆಗಳಂತೆ ಇನ್ನೊಂದು ಜೀವದ ಮುಖ ನೋಡಿ ನಡೆಯುವ ಸ್ವಭಾವ ಅದಕ್ಕಿದೆ. ಬೆಳೆದ ಚಿರತೆ ಒಂಟಿ. ಅಹಮದ್‌ನಗರ ಜಿಲ್ಲೆಯಲ್ಲಿ ಬಾವಿಗೆ ಬಿದ್ದಿದ್ದ ಗಂಡು ಚಿರತೆಯೊಂದಕ್ಕೆ ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯ 2009ರಲ್ಲಿ ರೇಡಿಯೋ ಪಟ್ಟಿ ತೊಡಿಸಿ ಮಾಳಶೇಜ್ ಘಾಟಿನಲ್ಲಿ ಬಿಡಿಸಿದರು. ಆಜೋಬಾ ಎಂಬ ಹೆಸರು ಪಡೆದ ಅದು ಕಸಾರಾ ರೈಲು ನಿಲ್ದಾಣದ ಪಕ್ಕದಿಂದ, ಹೆದ್ದಾರಿ ದಾಟಿ, ನೀರು ಈಜಿ, ಸುಮಾರು 120 ಕಿಲೋಮೀಟರ್ ನಡೆದು ಮುಂಬಯಿಯ ಅಂಚಿನ ಕಾಡನ್ನು ಸೇರಿತು. ದಾರಿಯುದ್ದಕ್ಕೂ ಅದು ಮನುಷ್ಯರ ನಡುವೆಯೇ ಹಾದುಹೋಯಿತು, ಯಾರ ಜೊತೆಗೂ ಹೋಗಲಿಲ್ಲ. ಥಾಣೆ, ಪಾಲ್ಘರ್ ಜಿಲ್ಲೆಗಳ ವಾರ್ಲಿ ಜನರು ವಾಘೋಬಾ ಎಂದು ಹುಲಿ-ಚಿರತೆಯ ರೂಪದ ದೈವವನ್ನು ಪೂಜಿಸುತ್ತ ಬಂದಿರುವುದರ ಹಿಂದಿರುವುದೂ ನೆರೆಹೊರೆಯ ಸಂಬಂಧವೇ: ನಮ್ಮ ಕೊಟ್ಟಿಗೆಗೆ ಬರಬೇಡ, ನಿನ್ನ ಪಾಲು ನಿನಗೆ ಸಲ್ಲುತ್ತದೆ ಎಂಬ ಒಡಂಬಡಿಕೆಯ ಭಾವ ಅದರಲ್ಲಿದೆ. ಆಟದಲ್ಲಿ ಚಿರತೆಯನ್ನು ಇಂಥ ನೆರೆಯವನನ್ನಾಗಿ, ಹರಕೆ-ಕಟ್ಟಳೆಗಳ ಮೂಲಕ ಒಮ್ಮೊಮ್ಮೆ ಮಾತ್ರ ನೆರವಿಗೆ ಬರುವ ಶಕ್ತಿಯನ್ನಾಗಿ ತಂದರೆ ಅದು ಸ್ಥಳೀಯವೂ ಆಗುತ್ತದೆ, ಹೊಸತೂ ಆಗುತ್ತದೆ. ಸರಪಳಿಯಿಲ್ಲದ ನಾಯಿಯಂತೆ ಹಿಂದೆ ಬರುವ ಯೆವೂರಿನ ಚಿರತೆಯಲ್ಲಿ ಯೆವೂರಿನದು ಹೆಸರೊಂದೇ.

ನಷ್ಟದ ಪ್ರಶ್ನೆಗೆ ಬಂದರೆ, 2014ರ ನಿಯಮದಂತೆ ಪ್ರಾಣಿ ಸತ್ತಾಗ ಬೇಟೆಗಾರ ಎಂಟು ಗಂಟೆ ವಿನಿಯೋಗಿಸಿ ಹಗೆತನವಿಲ್ಲದ ಇನ್ನೊಂದು ಪ್ರಾಣಿಯೊಡನೆ ಬಂಧ ಕಟ್ಟಿಕೊಳ್ಳಬಹುದು. 2020ರ ನಿಯಮದಂತೆ ಸತ್ತು ಒಂದು ಗಂಟೆಯೊಳಗೆ ಅದನ್ನು ಮುಟ್ಟಿ, ಮಂತ್ರಶಕ್ತಿಯ ಒಂದು ಪಾಲು ವ್ಯಯಿಸಿದರೆ ನಿಮಿಷದಲ್ಲಿ ಅದು ಪೂರ್ಣ ಆರೋಗ್ಯದಿಂದ ಎದ್ದುನಿಲ್ಲುತ್ತದೆ. ಎರಡೂ ನಿಯಮಗಳು ಸಾವಿನ ಅಳಲನ್ನು ತಪ್ಪಿಸಲು ಹೊರಟು ಪ್ರಾಣಿಯನ್ನು ಬತ್ತಳಿಕೆಯ ಬಾಣದ ಮಟ್ಟಕ್ಕೆ ಇಳಿಸುತ್ತವೆ. ಮರಳಿ ಸಿಗುವುದು ಖಚಿತವಾದಾಗ ಅದನ್ನು ಬಲೆಯಿರುವ ದಾರಿಯಲ್ಲಿ ಮೊದಲು ಕಳಿಸುವುದೇ ಜಾಣತನವಾಗುತ್ತದೆ, ಆಟಗಾರ ಕ್ರೂರನಲ್ಲದಿದ್ದರೂ ನಿಯಮ ಅವನನ್ನು ಆ ಕಡೆಗೆ ತಳ್ಳುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿ ಬಂದದ್ದು 1967ರಲ್ಲಿ. ಅದರ ನಾಯಿಗುತ್ತಿ ಎಂಬ ಪಾತ್ರದ ನಾಯಿ ಹುಲಿಯ ಇಂದಿಗೂ ಓದುಗರ ನೆನಪಿನಲ್ಲಿದೆ. ಹೊಳೆಯ ಪಾಲಾದ ಹುಲಿಯನ ಜಾಗಕ್ಕೆ ಎಂಟು ಗಂಟೆಯಲ್ಲಿ ಇನ್ನೊಂದು ನಾಯಿ ಬರುವಂತಿದ್ದರೆ ಆ ನಾಯಿಯ ನಿಷ್ಠೆಗೂ ಗುತ್ತಿಯ ಪ್ರೀತಿಗೂ ಓದುಗನ ಮನಸ್ಸಿನಲ್ಲಿ ಈಗಿರುವ ತೂಕ ಇರುತ್ತಿರಲಿಲ್ಲ.

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಮೂರು ಗಂಭೀರವಾದವು. ಮೊದಲನೆಯದು, ಇದು ಕಲ್ಪನೆಯ ಆಟ, ಪ್ರಾಣಿಶಾಸ್ತ್ರದ ಪಾಠವಲ್ಲ. ಡ್ರ್ಯಾಗನ್ ಹಾರುವ ಲೋಕದಲ್ಲಿ ಚಿರತೆ ವಿಧೇಯವಾಗಿದ್ದರೆ ಏನು ತೊಂದರೆ ಎಂಬುದು. ಕಲ್ಪನೆಗೆ ಇಲ್ಲಿ ಯಾರೂ ಬೇಲಿ ಹಾಕುತ್ತಿಲ್ಲ. ಮಾತಾಡುವ ಚಿರತೆ ಬೇಕಾದರೆ ಇರಲಿ. ಆದರೆ ಮಾತಾಡಬಲ್ಲ ಜೀವಿ ಒಪ್ಪಬಲ್ಲದು, ನಿರಾಕರಿಸಲೂಬಲ್ಲದು, ಆದ್ದರಿಂದ ಇಚ್ಛೆಯ ಪ್ರಶ್ನೆ ಅಲ್ಲಿ ಇನ್ನಷ್ಟು ತೀವ್ರವಾಗುತ್ತದೆ, ಮಾಯವಾಗುವುದಿಲ್ಲ. ಎರಡನೆಯದು, ನಿಯಮವೇ ಬೇಡ, ಪ್ರಾಣಿಯ ವರ್ತನೆಯನ್ನೆಲ್ಲ ನಿರ್ವಾಹಕನ ವಿವೇಚನೆಗೆ ಬಿಡೋಣ ಎಂಬುದು. ಒಳ್ಳೆಯ ನಿರ್ವಾಹಕನ ಕೈಯಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಆದರೆ ಶತ್ರುಗಳನ್ನೂ ಹಳ್ಳಿಗರನ್ನೂ ಮಳೆ-ಬಿಸಿಲನ್ನೂ ನಡೆಸುವವನ ಕೈಗೇ ತೋಳವನ್ನೂ ಕೊಟ್ಟರೆ, ಬಿಕ್ಕಟ್ಟಿನ ಕ್ಷಣದಲ್ಲಿ ತೋಳ ಓಡಿಹೋದದ್ದು ತೋಳದ ಸ್ವಭಾವದಿಂದಲೋ ನಿರ್ವಾಹಕನ ಅನುಕೂಲದಿಂದಲೋ ಎಂಬ ಸಂಶಯಕ್ಕೆ ಎಡೆಯಾಗುತ್ತದೆ, ಮತ್ತು ಆ ಸಂಶಯವನ್ನು ನಿವಾರಿಸಲು ಬರೆದಿಟ್ಟ ಮಾತೊಂದಿಲ್ಲದೆ ಸಾಧ್ಯವಿಲ್ಲ. ಗೆಳೆಯರ ಗುಂಪು ಒಡೆಯುವುದು ಇಂಥ ಸಣ್ಣ ಸಂಶಯಗಳಿಂದಲೇ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಬಲವಾದದ್ದು. ಪ್ರಾಣಿಗೆ ನಿರಾಕರಿಸುವ ಹಕ್ಕು ಕೊಟ್ಟರೆ ಆಟಗಾರನ ಆಯ್ಕೆಯನ್ನು ದಾಳದ ಕೈಗೆ ಒಪ್ಪಿಸಿದಂತಾಗುತ್ತದೆ. ವಾರವಿಡೀ ಕಾದು ಬಂದವನ ಸರದಿ “ತೋಳ ಕೇಳಲಿಲ್ಲ” ಎಂಬ ಎರಡು ಶಬ್ದಗಳಲ್ಲಿ ಮುಗಿದುಹೋಗಬಹುದು. ಈ ಆಕ್ಷೇಪ ನ್ಯಾಯವಾದದ್ದು, ಮೂರೂವರೆಯ ನಿಯಮಗಳ ವಿರುದ್ಧ ಅದು ಸಲ್ಲುತ್ತದೆ ಕೂಡ, ಏಕೆಂದರೆ ಅಲ್ಲಿ ದಾಳ ಸೋತರೆ ಆಟಗಾರನಿಗೆ ಏನೂ ದಕ್ಕುತ್ತಿರಲಿಲ್ಲ. ಪರಿಹಾರ ಇರುವುದು ನಿರಾಕರಣೆಯನ್ನು ರದ್ದುಮಾಡುವುದರಲ್ಲಲ್ಲ, ನಿರಾಕರಣೆಯನ್ನೂ ಒಂದು ಘಟನೆಯಾಗಿಸುವುದರಲ್ಲಿ. ಆಜ್ಞೆ ಮೀರಿದ ತೋಳ ಸುಮ್ಮನೆ ನಿಲ್ಲದೆ ತನ್ನ ಸ್ವಭಾವಕ್ಕೆ ತಕ್ಕ ಇನ್ನೊಂದನ್ನು ಮಾಡಿದರೆ, ಆ ಸ್ವಭಾವವನ್ನು ಆಟಗಾರನೇ ಮೊದಲು ಬರೆದಿಟ್ಟಿದ್ದರೆ, ಅವನ ಆಯ್ಕೆ ಕಳೆದುಹೋಗುವುದಿಲ್ಲ. ಅವನು ಹಿಂದೆಯೇ ಮಾಡಿದ್ದ ಆಯ್ಕೆ ಈಗ ಫಲಿಸುತ್ತದೆ. ಬೆಂಕಿ ಕಂಡು ಹಿಂಜರಿದ ತೋಳ ಬಿದ್ದುಕೊಂಡಿದ್ದ ಗೆಳೆಯನ ಬಟ್ಟೆ ಕಚ್ಚಿ ಹೊರಗೆಳೆದರೆ ಆ ಸರದಿ ವ್ಯರ್ಥವಾಯಿತೆಂದು ಯಾರೂ ಹೇಳಲಾರರು.

ಇಷ್ಟನ್ನು ಒಪ್ಪಿದರೆ ಮನೆನಿಯಮದ ಸ್ವರೂಪ ತಾನಾಗಿ ಮೂಡುತ್ತದೆ. ಐದನೆಯ ಆವೃತ್ತಿಯನ್ನು ಆಡುವ ಮೇಜಿಗೆ ಹೊಂದುವಂತೆ ಅದನ್ನು ಹೀಗೆ ಬರೆಯಬಹುದು:

1. ಸಂಗಾತಿಯಾಗುವುದು ಗುಂಪಿನಲ್ಲಿ ಬಾಳುವ ಸ್ವಭಾವದ ಪ್ರಾಣಿ ಮಾತ್ರ. ಒಂಟಿ ಬೇಟೆಗಾರ ಪ್ರಾಣಿಯನ್ನು ಕತೆಯ ತಿರುವುಗಳಲ್ಲಿ, ಒಡಂಬಡಿಕೆಯ ಮೂಲಕ ಕರೆಯಬಹುದು, ಸದಾ ಜೊತೆಗಿಟ್ಟುಕೊಳ್ಳಲಾಗದು.

2. ಹಿಟ್ ಪಾಯಿಂಟ್ 2020ರ ಲೆಕ್ಕದಂತೆ. ಈ ವಿಷಯದಲ್ಲಿ ಹೊಸ ಅಂಕಿ ಹುಡುಕುತ್ತ ಹೊತ್ತು ಕಳೆಯಬೇಕಿಲ್ಲ.

3. ಪ್ರಾಣಿ ಮೂರು ಪಾಠ ಕಲಿತು ಬರುತ್ತದೆ. ಮುಂದೆ ಕಲಿಸುವ ಪ್ರತಿ ಪಾಠಕ್ಕೂ ಕತೆಯೊಳಗೆ ಒಂದು ವಾರ ಬೇಕು. ಕಲಿತದ್ದನ್ನು ಮಾಡಿಸಲು ದಾಳ ಬೇಡ, ಬೋನಸ್ ಆ್ಯಕ್ಷನ್ ಒಂದನ್ನು ಅಥವಾ ಬೇಟೆಗಾರನ ಒಂದು ಏಟನ್ನು ಬಿಟ್ಟುಕೊಟ್ಟರೆ ಸಾಕು. ಕಲಿಯದ್ದಕ್ಕೆ, ಹಾಗೂ ಅದಕ್ಕೆ ಸಹಜವಾಗಿ ಭಯ ಹುಟ್ಟಿಸುವ ಬೆಂಕಿ, ಬೇತಾಳ ಮೊದಲಾದವುಗಳ ಎದುರಿಗೆ ಪ್ರಾಣಿಪಾಲನೆಯ ದಾಳ ಉರುಳಿಸಬೇಕು, ಗುರಿ 15.

4. ಆಜ್ಞೆ ಬರದಿದ್ದಾಗ ಅಥವಾ ಆ ದಾಳ ಸೋತಾಗ ಪ್ರಾಣಿ ಏನು ಮಾಡುತ್ತದೆ ಎಂಬುದನ್ನು ಆಟಗಾರನೂ ನಿರ್ವಾಹಕನೂ ಕೂಡಿ ಆಟದ ಮೊದಲ ದಿನವೇ ಬರೆದಿಡಬೇಕು: ಹೆದರಿದಾಗ ಒಂದು, ಒಡೆಯ ಬಿದ್ದಾಗ ಒಂದು, ಗುಂಪಿನ ಬೇರೆ ಯಾರಿಗಾದರೂ ಅಪಾಯ ಬಂದಾಗ ಒಂದು. ಈ ಮೂರರಲ್ಲಿ ಎರಗುವುದು ಒಂದು ಕಡೆ ಮಾತ್ರ ಇರಬಹುದು.

5. ಪ್ರಾಣಿಯ ಹಿಟ್ ಪಾಯಿಂಟ್ ಮುಗಿದರೆ ಮನುಷ್ಯ ಪಾತ್ರಕ್ಕಿರುವಂತೆಯೇ ಅದಕ್ಕೂ ಸಾವು-ಬದುಕಿನ ದಾಳ. ಸತ್ತದ್ದು ಮರಳುವುದು, ಸತ್ತ ಮನುಷ್ಯನನ್ನು ಮರಳಿಸಲು ಬೇಕಾಗುವಷ್ಟೇ ದೊಡ್ಡ ಮಂತ್ರದಿಂದ. ಮಕ್ಕಳು ಆಡುವ ಮೇಜಿನಲ್ಲಿ ಪ್ರಾಣಿ ಸಾಯುವುದೇ ಬೇಡವೆಂದು ಎಲ್ಲರೂ ಒಪ್ಪಿದರೆ ಅದು ಗಾಯಗೊಂಡು ಕಾಡಿಗೆ ಮರಳಲಿ.

ನಾಲ್ಕನೆಯ ಅಂಶದ ಕೊನೆಯ ಷರತ್ತಿಗೆ ಕಾರಣ ಮೇಲಿನ ಲೆಕ್ಕದಲ್ಲಿದೆ. ಮೂರೂ ಸಂದರ್ಭಗಳಲ್ಲಿ ಎರಗುವ ಪ್ರಾಣಿ ಎಂದರೆ ಬಿಟ್ಟಿ ಸರದಿ ಹಿತ್ತಿಲ ಬಾಗಿಲಿನಿಂದ ಮರಳಿ ಬಂದಂತೆ, 17 ಮತ್ತೆ 27 ಆದಂತೆ. ಷರತ್ತಿದ್ದರೆ ಪ್ರಾಣಿಯ ಇಚ್ಛೆ ಕಾವಲು, ಎಚ್ಚರಿಕೆ, ರಕ್ಷಣೆಗಳ ಕಡೆಗೆ ಹರಿಯುತ್ತದೆ. ಇವುಗಳಿಂದ ಇಡೀ ಗುಂಪಿಗೆ ಲಾಭ, ಮತ್ತು ಇವಕ್ಕೆ ಹಿಡಿಯುವ ಹೊತ್ತೂ ಅತ್ಯಲ್ಪ. ಕಾಡಿನ ಸಾಧಕನಾದ ಡ್ರೂಯಿಡ್‌ನಂಥ ಪಾತ್ರಗಳಿಗೆ ಪ್ರಾಣಿಯೊಡನೆ ಮಾತಾಡುವ ಮಂತ್ರವಿರುತ್ತದೆ. ಆ ಮಂತ್ರ ಕೆಲಸಮಾಡುತ್ತಿರುವಷ್ಟು ಹೊತ್ತು ಮೂರನೆಯ ಅಂಶದ ಗುರಿಯನ್ನು 10ಕ್ಕೆ ಇಳಿಸಿದರೆ ಸಾಕು, ಪೂರ್ತಿ ತೆಗೆದುಹಾಕುವ ಅಗತ್ಯವಿಲ್ಲ, ಏಕೆಂದರೆ ಮಾತು ಅರ್ಥವಾದ ಮಾತ್ರಕ್ಕೆ ಭಯ ಹೋಗುವುದಿಲ್ಲ.

ಈ ಐದು ಅಂಶಗಳಲ್ಲಿ ಅಂಕಿಗಳು ಯಾವ ಮೇಜಿಗಾದರೂ ಬದಲಾಗಬಹುದು. ಗುರಿ 15 ಹೆಚ್ಚೆನ್ನಿಸಿದರೆ 12 ಆಗಲಿ, ಪಾಠಗಳು ಮೂರರ ಬದಲು ನಾಲ್ಕಾಗಲಿ. ನಾಲ್ಕನೆಯ ಅಂಶ ಮಾತ್ರ ಬಿಟ್ಟುಹೋಗಬಾರದು, ಅದಿಲ್ಲದ ಮನೆನಿಯಮ ಎಷ್ಟೇ ನಾಜೂಕಾಗಿದ್ದರೂ ಆಯುಧದ ನಿಯಮವೇ. ಡೊಂಬಿವಲಿಯಲ್ಲಾಗಲಿ ನೆರೂಳಿನಲ್ಲಾಗಲಿ ಹೊಸ ಆಟಕ್ಕೆ ಕೂರುವವರು, ಸಂಗಾತಿ ಪ್ರಾಣಿಯ ಹಾಳೆಯಲ್ಲಿ ಹಿಟ್ ಪಾಯಿಂಟ್ ತುಂಬುವ ಮೊದಲು ಆ ನಾಲ್ಕನೆಯ ಅಂಶದ ಮೂರು ಸಾಲುಗಳನ್ನು ತುಂಬಿ ನೋಡಬೇಕು, ನಾಲ್ಕಾರು ವಾರ ಆಡಿ ನೋಡಬೇಕು, ಅನಂತರವೂ ಪ್ರಾಣಿ ದುರ್ಬಲವೆನ್ನಿಸಿದರೆ ಆಗ ಬಲ ಏರಿಸುವ ಮಾತಾಡಬೇಕು.